ಅಳು ಒಪ್ಪಿಸುವ ಮನೆ

ನನ್ನ ಬಾಯಿ ಕೆಟ್ಟದ್ದು ಎಂದು ಈಗಿನವರು ಹೇಳುತ್ತಾರೆ. ಹೇಳಿಕೊಳ್ಳಲಿ, ಬೇಡವೆನ್ನಲು ನಾನ್ಯಾರು. ಆದರೆ ಇದೇ ಬಾಯಿ, ನಾನು ಸೊಸೆಯಾಗಿ ಈ ಊರಿಗೆ ಕಾಲಿಟ್ಟ ವರ್ಷದಿಂದ ತಲೆ ಪೂರ್ತಿ ನರೆಯುವ ತನಕ, ಒಬ್ಬರಿಗೂ ಒಂದು ಬೈಗುಳ ಬೈಯದೆ ಮುಚ್ಚಿಕೊಂಡಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಂಬಿಸಲು ನಾನೇನು ಸಂತೆಯಲ್ಲಿ ಬದನೆಕಾಯಿ ಮಾರುತ್ತಿಲ್ಲ. ಪಕ್ಕದ ಮನೆ ದಾಕ್ಷಾಯಣಿ ಹೇಗೆ ಅತ್ತಳು ಎಂದು ಕೇಳಿದಿರಲ್ಲ, ಅದನ್ನು ಹೇಳುತ್ತೇನೆ. ನಡುವೆ ಬಾಯಿ ಹಾಕದೆ ಕೇಳಿ.

ನಮ್ಮ ಊರಿನಲ್ಲಿ ಮನೆಗೊಂದು ಇಂಗ್ಲಿಷ್ ಕ್ರಿಯಾಪದ. ಯಾರು ಹಂಚಿದರು, ಯಾವ ಕಾಲದಲ್ಲಿ ಹಂಚಿದರು ಎಂಬುದು ನಮ್ಮತ್ತೆಗೂ ಗೊತ್ತಿರಲಿಲ್ಲ. ದಿನಾ ಸಂಜೆ ಬೀದಿ ದೀಪ ಹತ್ತುವ ಮೊದಲು ಮನೆಯವರಲ್ಲಿ ಒಬ್ಬರು ಹೊಸ್ತಿಲ ಮೇಲೆ ನಿಂತು ಅದನ್ನು ಹನ್ನೆರಡು ಕಾಲಗಳಲ್ಲಿ ಒಪ್ಪಿಸಬೇಕು. ನಮ್ಮ ಮನೆಯದು ಸ್ಕೋಲ್ಡ್, ಅಂದರೆ ಬೈಯುವುದು. ಐ ಸ್ಕೋಲ್ಡ್, ಐ ಸ್ಕೋಲ್ಡೆಡ್, ಐ ಶಲ್ ಸ್ಕೋಲ್ಡ್ ಎಂದು ಶುರು ಮಾಡಿ, ಐ ಆಮ್ ಸ್ಕೋಲ್ಡಿಂಗ್ ಹತ್ತಿ, ಐ ಹ್ಯಾವ್ ಸ್ಕೋಲ್ಡೆಡ್ ದಾಟಿ, ಐ ಶಲ್ ಹ್ಯಾವ್ ಬೀನ್ ಸ್ಕೋಲ್ಡಿಂಗ್ ಎಂಬಲ್ಲಿಗೆ ಮುಗಿಸುವುದು. ಮೆಟ್ಟಿಲುಗಳು ಎಲ್ಲ ಮನೆಗೂ ಒಂದೇ, ಪದ ಮಾತ್ರ ಬೇರೆ. ಅದೊಂದು ಪದ ಬಿಟ್ಟರೆ ನಮಗ್ಯಾರಿಗೂ ಇಂಗ್ಲಿಷಿನ ಗಂಧಗಾಳಿ ಇಲ್ಲ.

ಒಂದು ಸಂಜೆ ತಪ್ಪಿದರೆ ಆ ಕೆಲಸವೇ ಊರು ಬಿಟ್ಟು ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ವಿಸಲ್ ಮನೆಯ ಮುದುಕ ಹಿಂದೆ ಮುಂದೆ ಯಾರೂ ಇಲ್ಲದೆ ತೀರಿಹೋದ ದಿನದಿಂದ ಇಲ್ಲಿ ಯಾರ ತುಟಿಗೂ ಶಿಳ್ಳೆ ಬರುವುದಿಲ್ಲ, ಕುಕ್ಕರ್ ಸಹ ಕೂಗುವುದಿಲ್ಲ. ಹೆಂಗಸರು ಮೂಗಿನಿಂದಲೇ ಅನ್ನದ ಹದ ತಿಳಿದು ಇಳಿಸುತ್ತಾರೆ. ಕ್ಲ್ಯಾಪ್ ಮನೆಗೆ ಬೀಗ ಬಿದ್ದ ಮೇಲೆ ಮದುವೆಗಳಲ್ಲಿ ಚಪ್ಪಾಳೆಯ ಬದಲು ತೊಡೆ ತಟ್ಟುತ್ತೇವೆ. ಹೊರಗಿನಿಂದ ಬಂದ ಬೀಗರು ಕುಸ್ತಿಗೆ ಕರೆಯುತ್ತಿದ್ದಾರೆಂದು ತೋಳೇರಿಸಿ ಎದ್ದದ್ದೂ ಉಂಟು. ಹೋಗುವುದು, ಬರುವುದು, ತಿನ್ನುವುದು, ಬೀಳುವುದು, ಇವಕ್ಕೆಲ್ಲ ಮನೆಯಿಲ್ಲ. ಅವು ಪುಂಡ ಕ್ರಿಯಾಪದಗಳು, ಉಳಿದವುಗಳ ಹಾಗೆ ಬಾಲಕ್ಕೆ ಎಡ್ ಹಚ್ಚಿಸಿಕೊಳ್ಳುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ, ಯಾರೂ ಒಪ್ಪಿಸದಿದ್ದರೂ ನಡೆದುಕೊಂಡು ಹೋಗುತ್ತವೆ ಎನ್ನುತ್ತಾರೆ ರುದ್ರಾರಾಧ್ಯ ಮೇಷ್ಟ್ರು. ಯಾರ ಮನೆಯದು ಯಾವುದು, ಯಾರಿಂದ ಯಾರಿಗೆ ಹೋಯಿತು ಎಂದು ನೋಡಿಕೊಳ್ಳುವವರು ಅವರೇ. ಸಾಧುವಾದ ಕ್ರಿಯಾಪದಗಳನ್ನು ಮಾತ್ರ ಹಸುವನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕಂತೆ.

ಇನ್ನೊಂದು ಕಟ್ಟಳೆ ಇದೆ. ಒಪ್ಪಿಸುವವರು ಆ ಕೆಲಸ ಮಾಡುವ ಹಾಗಿಲ್ಲ. ಹಾಗಿಲ್ಲ ಎಂದರೇನು, ಮಾಡಲು ಬರುವುದೇ ಇಲ್ಲ. ಕುಕ್ ಮನೆಯ ಯಜಮಾನಿ ಜೀವಮಾನವೆಲ್ಲ ನೆರೆಮನೆಯ ತಟ್ಟೆಯಲ್ಲಿ ಉಂಡಳು. ನನಗೆ ಇಬ್ಬರು ಗಂಡುಮಕ್ಕಳು, ಕುಡುಕ ಗಂಡ, ಸಾಲದ್ದಕ್ಕೆ ಮಂದಾಕಿನಿ ಎಂಬ ಸೊಸೆ. ಇಷ್ಟೆಲ್ಲ ಕಟ್ಟಿಕೊಂಡು ಒಂದು ಬೈಗುಳ ಬೈಯಲಾರದೆ ಬದುಕುವುದೆಂದರೆ ಏನು ಎಂದು ನಿಮಗೆ ಗೊತ್ತೇ? ಸಿಟ್ಟು ಬಂದಾಗ ಪಾತ್ರೆ ಕುಕ್ಕುತ್ತಿದ್ದೆ. ಬಾಯಿಗೆ ಹೊಗೆಸೊಪ್ಪು ತುರುಕಿಕೊಳ್ಳುತ್ತಿದ್ದೆ. ಬಂದ ಮಾತೆಲ್ಲ ಗಂಟಲ ತನಕ ಬಂದು ತಿರುಗಿ ಹೊಟ್ಟೆಗೆ ಇಳಿಯುತ್ತಿತ್ತು. ಊರವರು ಹೊಂಬಾಳಕ್ಕ ಎಂಥ ತಣ್ಣನೆಯ ಹೆಂಗಸು ಎಂದು ಹೊಗಳುತ್ತಿದ್ದರು. ತಣ್ಣಗಂತೆ, ಇವರ ತಲೆ!

ಪಕ್ಕದ ದಾಕ್ಷಾಯಣಿಯ ಮನೆಯದು ಕ್ರೈ. ಅಳುವುದು. ಅಜ್ಜಿಯಿಂದ ಅವಳಿಗೆ ಬಂದಾಗ ಇನ್ನೂ ಲಂಗ ಉಡುವ ಹುಡುಗಿ. ಅವತ್ತಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಕಂಡವರಿಲ್ಲ. ಅಪ್ಪ ಸತ್ತಾಗ ಇಲ್ಲ, ಮದುವೆಯಲ್ಲಿ ಇಲ್ಲ, ಹೆರಿಗೆಯ ನೋವಿನಲ್ಲೂ ಇಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಬಾಯಿ ತೆಗೆದು ಅಳುವ ಮೊದಲು ಒಂದು ಹಿಡಿ ಉಪ್ಪನ್ನು ಅವಳ ಮನೆಗೆ ಕಳಿಸುವುದು ಪದ್ಧತಿ. ನಿನ್ನಿಂದಾಗಿ ಅಳುತ್ತಿದ್ದೇವೆ ತಾಯಿ ಎಂದು ಹೇಳುವ ರೀತಿ ಅದು. ಆ ಮನೆಯಲ್ಲಿ ಉಪ್ಪು ಕೊಂಡದ್ದೇ ಇಲ್ಲ. ಅಡುಗೆಮನೆಯ ಜಾಡಿ ಯಾವಾಗಲೂ ತುಂಬಿರುತ್ತಿತ್ತು.

ಅವಳ ಗಂಡ ಬಸವರಾಜು ಗಡಿಯಾರ ರಿಪೇರಿ ಮಾಡುವವನು. ಅವನು ಹುಟ್ಟಿದ ಮನೆಯದು ಕ್ಯಾರಿ, ಹೊರುವುದು. ಆ ಮನೆಯಲ್ಲಿ ಒಪ್ಪಿಸಲು ಉಳಿದದ್ದು ಅವನೊಬ್ಬನೇ, ದಿನಾ ಸಂಜೆ ಅಲ್ಲಿಗೆ ಹೋಗಿ ಒಪ್ಪಿಸಿ ಬರುತ್ತಿದ್ದ. ಅವನು ಬಿಟ್ಟರೆ ಊರಿನಲ್ಲಿ ಒಂದು ಕೊಡ ನೀರು ಬಾವಿಯಿಂದ ಮನೆಗೆ ಬರುವುದಿಲ್ಲ. ಕೂತ ಕಡೆ ಸ್ಕ್ರೂ ತಿರುಗಿಸಬಲ್ಲ, ಎತ್ತಿಕೊಂಡು ಒಂದು ಹೆಜ್ಜೆ ಇಡಲಾರ. ಹೆತ್ತ ಮಗಳನ್ನೂ ಅವನು ತೊಡೆಯ ಮೇಲೆ ಕೂರಿಸಿಕೊಂಡಿದ್ದನೇ ಹೊರತು ಹೆಗಲ ಮೇಲೆ ಕೂರಿಸಿಕೊಂಡವನಲ್ಲ.

ಆ ಮಗಳು ಪಾರಿಜಾತ. ಪಾರಿ ಎನ್ನುತ್ತಿದ್ದೆವು. ನಮ್ಮಿಬ್ಬರ ಮನೆ ನಡುವಿನ ಮೋಟುಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಒಂದು ಕಿವಿಯಲ್ಲಿ ಅಮ್ಮನದು, ಇನ್ನೊಂದರಲ್ಲಿ ನನ್ನದು ಕೇಳುತ್ತಿತ್ತು. ಎರಡನ್ನೂ ಕಲಸಿಬಿಡುತ್ತಿತ್ತು. ‘ಐ ಶಲ್ ಕ್ರೈ ಅಜ್ಜೀ, ಐ ಶಲ್ ಸ್ಕೋಲ್ಡ್’ ಎಂದು ನನ್ನತ್ತ ಬೆರಳು ತೋರಿಸಿ ನಗುತ್ತಿತ್ತು. ಅಮ್ಮನ ಕ್ರಿಯಾಪದ ಮುಂದೆ ಅವಳಿಗೇ ಬರಬೇಕು. ಆದರೆ ದಾಕ್ಷಾಯಣಿ ಇವತ್ತು ನಾಳೆ ಎಂದು ತಳ್ಳುತ್ತಿದ್ದಳು. ‘ಕಲಿಸೋಕೆ ಮನಸ್ಸಿಲ್ಲ ಕಣಕ್ಕ. ಇನ್ನೂ ಒಂದಷ್ಟು ವರ್ಷ ಅತ್ಕೊಂಡು ಬೆಳೀಲಿ. ಬಿದ್ದಾಗ ಅಳ್ಲಿ, ಹಟಕ್ಕೆ ಅಳ್ಲಿ. ಅಳೋ ಮಗೂನ ನೋಡಿದ್ರೆ ನಂಗೆ ಎಷ್ಟು ಹಿತ ಗೊತ್ತಾ?’ ಎನ್ನುತ್ತಿದ್ದಳು.

ಆ ಮಗುವಿಗೆ ಜ್ವರ ಬಂತು. ಗಂಟಲು ಕಟ್ಟಿತು. ಕಷಾಯ, ಮಾತ್ರೆ, ಹರಕೆ ಯಾವುದೂ ನಾಟಲಿಲ್ಲ. ಒಂದು ಮಧ್ಯಾಹ್ನ ಅಮ್ಮನ ತೊಡೆಯ ಮೇಲೆ ತಲೆಯಿಟ್ಟುಕೊಂಡಿದ್ದ ಹಾಗೆಯೇ ಹೋಯಿತು. ಅಯ್ಯೋ, ಇದನ್ನು ಕೇಳುವಾಗ ನಿಮ್ಮ ಕಣ್ಣಲ್ಲಿ ನೀರು ಬರುತ್ತಿದೆ. ಬರಲಿ ಬಿಡಿ, ತಡೆಯಬೇಡಿ.

ಬೀದಿಯೆಲ್ಲ ಬಂದು ನೆರೆಯಿತು. ಎಲ್ಲರೂ ಅತ್ತರು. ನಾನೂ ಎದೆ ಬಡಿದುಕೊಂಡು ಅತ್ತೆ. ಆಗ ನನಗೆ ಅಳಲು ಬರುತ್ತಿತ್ತು. ದಾಕ್ಷಾಯಣಿ ಕಲ್ಲಾಗಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಅಡುಗೆಮನೆಗೆ ಹೋದಳು, ಜಾಡಿಯಿಂದ ಒಂದು ಹಿಡಿ ಉಪ್ಪು ತೆಗೆದುಕೊಂಡು ಮುಂಬಾಗಿಲಿನಿಂದ ಹೊರಬಿದ್ದಳು, ಮನೆಯನ್ನು ಒಂದು ಸುತ್ತು ಬಂದು ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ ಅದೇ ಜಾಡಿಗೆ ಸುರಿದಳು. ಪದ್ಧತಿ ತಪ್ಪಬಾರದಲ್ಲ. ಅವಳಿಗೆ ಉಪ್ಪು ಕಳಿಸಬೇಕಾದ ಮನೆ ಅವಳದೇ. ಅದನ್ನು ನೋಡಿದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.

ಸುಡುಗಾಡಿಗೆ ಮಗುವನ್ನು ಎತ್ತಿಕೊಂಡು ಹೋದವನು ನನ್ನ ದೊಡ್ಡ ಮಗ. ಬಸವರಾಜು ಎರಡೂ ಕೈ ಮುಂದೆ ಚಾಚಿಕೊಂಡು, ಏನೋ ಹೊತ್ತವನ ಹಾಗೆ, ಬರಿಗೈಯಲ್ಲಿ ಹಿಂದೆ ನಡೆದ. ಅವರು ತಿರುಗಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ದಾಕ್ಷಾಯಣಿ ಕೈಕಾಲು ತೊಳೆದು ಹೊಸ್ತಿಲ ಮೇಲೆ ನಿಂತಳು. ‘ಐ ಕ್ರೈ. ಐ ಕ್ರೈಡ್. ಐ ಶಲ್ ಕ್ರೈ. ಐ ಆಮ್ ಕ್ರೈಯಿಂಗ್. ಐ ವಾಸ್ ಕ್ರೈಯಿಂಗ್...’ ಒಣಗಿದ ಕಣ್ಣಲ್ಲಿ, ಬೀದಿಯ ಕೊನೆಯನ್ನು ನೋಡುತ್ತ, ಒಂದೂ ತಪ್ಪದೆ ಹನ್ನೆರಡನ್ನೂ ಒಪ್ಪಿಸಿದಳು. ಒಪ್ಪಿಸದಿದ್ದರೆ ಅವಳ ಮಗಳಿಗಾಗಿ ಅಳುವವರು ಊರಿನಲ್ಲಿ ಯಾರೂ ಇರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನಾನು ನನ್ನದನ್ನು ಒಪ್ಪಿಸಬೇಕಾಗಿತ್ತು. ನನಗೆ ಎರಡು ಸಲ ನಾಲಿಗೆ ತಡವರಿಸಿತು.

ಆಮೇಲೆ ಅವಳು ಸೊರಗತೊಡಗಿದಳು. ಅತ್ತರೆ ದುಃಖ ಕರಗುತ್ತದೆ ಎನ್ನುತ್ತಾರೆ, ಅಳದವಳ ದುಃಖ ಎಲ್ಲಿಗೆ ಹೋಗಬೇಕು? ತುತ್ತು ಇಳಿಯುತ್ತಿರಲಿಲ್ಲ. ಕಣ್ಣು ಮೆಣಸಿನಕಾಯಿ ಕೆಂಪು. ಗೋಡೆಯ ಆ ಕಡೆಯಿಂದ ಕೊರ್ ಕೊರ್ ಎಂದು ಒಂದು ಸದ್ದು ಬರುತ್ತಿತ್ತು. ಮೊದಲು ನಾನು ಬೀಸುಕಲ್ಲು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಅವಳೇ, ಮೊಣಕಾಲಿಗೆ ಗದ್ದ ಊರಿಕೊಂಡು, ಗಂಟಲಿನಿಂದ ಅಳುವನ್ನು ಮೇಲೆ ಎಳೆಯುತ್ತಿದ್ದಾಳೆ. ಬಾರದ್ದನ್ನು ಎಳೆಯುತ್ತಿದ್ದಾಳೆ. ಹಗ್ಗ ಹಾಕಿದ ಬಾವಿಯಲ್ಲಿ ನೀರೇ ಇಲ್ಲ.

‘ಹೊಂಬಾಳಕ್ಕ, ಒಂದು ಮಾತು ಕೇಳ್ತೀನಿ’ ಎಂದಳು ಒಂದು ದಿನ. ‘ಡೈ ಅನ್ನೋದೂ ಸಾಧು ಕ್ರಿಯಾಪದವೇ ಅಂತ ಮೇಷ್ಟ್ರು ಹೇಳ್ತಾರಲ್ಲ, ಅದು ಯಾರ ಮನೇದು?’

‘ಯಾರಿಗೂ ಗೊತ್ತಿಲ್ಲ ಕಣೆ. ಯಾರೂ ಕೇಳಿಸ್ಕೊಂಡಿಲ್ಲ.’

‘ಯಾರೋ ಎಲ್ಲೋ ನಿಂತ್ಕೊಂಡು ಒಂದು ಸಂಜೇನೂ ತಪ್ಪಿಸ್ದೆ ಒಪ್ಪಿಸ್ತಾ ಇದಾರೆ. ಅವತ್ತು ಒಂದು ದಿನ ಅವರ ಗಂಟಲು ಕಟ್ಟಿದ್ರೆ ಆಗ್ತಿರ್ಲಿಲ್ವಾ? ನನ್ನ ಮಗೀದೇ ಕಟ್ಟಬೇಕಿತ್ತಾ?’

ಅವಳ ತಲೆ ಸವರಿದೆ. ನೆತ್ತಿ ಕಾದ ಹೆಂಚಾಗಿತ್ತು.

ಮಾರನೆಯ ದಿನವೇ ನಾನು ರುದ್ರಾರಾಧ್ಯ ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳಿನ ಸಿಪ್ಪೆ ಚಿಲುಕುತ್ತಿದ್ದರು. ಬೇರೆ ಯಾರಾದರೂ ಅವಳದನ್ನು ತೆಗೆದುಕೊಳ್ಳಬಹುದೇ ಎಂದು ಕೇಳಿದೆ. ‘ತಗೋಬಹುದು, ಯಾಕಾಗಲ್ಲ’ ಎಂದರು. ‘ಇಬ್ಬರೂ ಒಂದೇ ಹೊಸ್ತಿಲಲ್ಲಿ ನಿಂತು ಒಟ್ಟಿಗೆ ಹೇಳ್ಕೊಂಡು ಹೋಗ್ಬೇಕು. ಕೊಡೋರು ಹನ್ನೊಂದಕ್ಕೆ ನಿಲ್ಲಿಸ್ಬೇಕು, ಹನ್ನೆರಡನೇದು ತಗೊಳ್ಳೋರು ಒಬ್ರೇ ಹೇಳ್ಬೇಕು. ಒಬ್ಬರ ಬಾಯಲ್ಲಿ ಎರಡು ಇರೋ ಹಾಗಿಲ್ಲ, ಅಷ್ಟೇ. ಆದ್ರೆ ಹೊಂಬಾಳಮ್ಮ, ಊರಲ್ಲಿ ಖಾಲಿ ಬಾಯಿ ಎಷ್ಟು ಬೇಕಾದ್ರೂ ಇವೆ. ಅಳು ತಗೋತೀನಿ ಅಂತ ಬರೋ ಬಾಯಿ ಯಾವ್ದು ಹೇಳು? ನಾಳೆ ತಮ್ಮ ಮನೇಲೂ ಒಂದು ಹೆಣ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು.’

ಅವರು ಹೇಳಿದ್ದು ನಿಜ. ಬೀದಿ ಬೀದಿ ಸುತ್ತಿ ಕೇಳಿದೆ. ದಾಕ್ಷಾಯಣಿಯ ಹೆಸರೆತ್ತಿದರೆ ಲೊಚಗುಟ್ಟದವರಿಲ್ಲ. ಉಪ್ಪು ಬೇಕಾದರೆ ಒಂದು ಮೂಟೆ ಕಳಿಸುತ್ತೇವೆ ಎಂದರು. ತೆಗೆದುಕೊಳ್ಳುತ್ತೀರಾ ಎಂದರೆ ಒಬ್ಬಳಿಗೆ ಒಲೆಯ ಮೇಲೆ ಹಾಲು, ಇನ್ನೊಬ್ಬಳಿಗೆ ಬಾಣಂತಿ ಮಗಳು, ಮತ್ತೊಬ್ಬಳಿಗೆ ಇದ್ದಕ್ಕಿದ್ದ ಹಾಗೆ ಕಿವಿ ಮಂದ. ಬೈಯಲು ಬಂದಿದ್ದರೆ ಅವತ್ತೇ ಆ ಬೀದಿಗಳ ಹೆಂಚು ಹಾರುತ್ತಿದ್ದವು. ಹೊಗೆಸೊಪ್ಪು ಅಗಿಯುತ್ತ ಮನೆಗೆ ಬಂದೆ.

ಹೀಗಿರುವಾಗ ಒಂದು ಸಂಜೆ ದಾಕ್ಷಾಯಣಿ ಹೊಸ್ತಿಲಿಗೆ ಬರಲಿಲ್ಲ. ನಾನು ನನ್ನದನ್ನು ಮುಗಿಸಿ ನೋಡುತ್ತೇನೆ, ಪಕ್ಕದ ಬಾಗಿಲು ಖಾಲಿ. ಎದುರು ಮನೆಯವರೂ ನೋಡಿದರು. ಬೀದಿಗೆ ಬೆಂಕಿ ಬಿದ್ದ ಹಾಗೆ ಸುದ್ದಿ ಹರಡಿತು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಜನ ಕಿಕ್ಕಿರಿದರು. ಮೇಷ್ಟ್ರು ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದರು. ‘ದಾಕ್ಷಾಯಣಮ್ಮಾ, ಹೊತ್ತು ಮೀರ್ತಿದೆ, ಹೊರಗೆ ಬಾ ತಾಯಿ’ ಎಂದು ಕೂಗಿದರು.

ಅವಳು ಬಂದಳು. ಹೊಸ್ತಿಲ ಒಳಗೇ ನಿಂತು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ‘ನಂಗೆ ಬಾಯಿ ಬರ್ತಿಲ್ಲ ಮೇಷ್ಟ್ರೆ’ ಎಂದಳು. ‘ಐ ಶಲ್ ಕ್ರೈ, ನಾನು ಅಳ್ತೀನಿ ಅಂತ ದಿನಾ ಹೇಳ್ತೀನಿ. ಯಾವಾಗ? ಮಗೀನ ಮಣ್ಣಿಗೆ ಹಾಕ್ಬುಟ್ಟು ಬಂದು ಹೇಳಿದೆ, ಅದರ ತಿಥಿ ದಿನಾನೂ ಹೇಳಿದೆ. ಇವತ್ತು ನಾಲಿಗೆ ಏಳ್ತಿಲ್ಲ. ಕೈ ಮುಗೀತೀನಿ, ನನ್ನ ಬಿಟ್ಬುಡಿ.’

ಗುಂಪಿನಲ್ಲಿ ಗದ್ದಲವೆದ್ದಿತು. ತುಂಬು ಬಸುರಿ ಪುಟ್ಟನಂಜಿ ಹೊಟ್ಟೆ ಹಿಡಿದುಕೊಂಡು ಮುಂದೆ ಬಂದಳು. ‘ದಾಕ್ಷಕ್ಕ, ನಂದು ಇವತ್ತೋ ನಾಳೆಯೋ ಅನ್ನೋ ಹಂಗಿದೆ. ಹುಟ್ಟಿದ ಕೂಸು ಅಳದೆ ಹೋದ್ರೆ ಉಸಿರು ಹೆಂಗೆ ಹಿಡೀತದೆ? ನಿನ್ನ ದಮ್ಮಯ್ಯ ಅಂತೀನಿ.’ ದಾಕ್ಷಾಯಣಿ ಅವಳ ಹೊಟ್ಟೆಯನ್ನೇ ನೋಡಿದಳು. ಬಾಯಿ ತೆರೆದಳು. ಐ ಎಂದಳು. ಅಷ್ಟೇ, ಮುಂದಿನದು ಬರಲಿಲ್ಲ. ಇನ್ನೊಮ್ಮೆ ಐ ಎಂದಳು. ಬೆವರು ಕಿತ್ತುಕೊಂಡು ಬಂತು.

ಆಗ ಹಿಂದಿನಿಂದ ಒಬ್ಬ ಕೂಗಿದ. ‘ಇಷ್ಟು ವರ್ಷ ಊರ ಉಪ್ಪು ತಿಂದಿಲ್ವೇನಮ್ಮ? ತಿಂದ ಮೇಲೆ ಋಣ ತೀರಿಸ್ಬೇಕು. ನಿಂಗೊಬ್ಬಳಿಗೇ ಮಕ್ಕಳು ಸತ್ತಿರೋದಾ?’ ಅವನ ಜೊತೆ ಇನ್ನೂ ನಾಲ್ಕು ದನಿ ಸೇರಿದವು. ಬಸವರಾಜು ಹೆಂಡತಿಯ ಮುಂದೆ ಅಡ್ಡ ನಿಂತು ಕೈ ಜೋಡಿಸಿದ. ಅವನಿಗೂ ನಾಲ್ಕು ಮಾತು ಬಿದ್ದವು.

ನನ್ನ ಮೈಯೆಲ್ಲ ಉರಿಯಿತು. ಅವನ ಏಳೇಳು ತಲೆಮಾರು ಜಾಲಾಡುವಷ್ಟು ಮಾತು ಗಂಟಲಿಗೆ ಬಂತು, ಬಂದು ಅಲ್ಲೇ ನಿಂತಿತು. ಮಾತು ಕಕ್ಕಲಾರದೆ ಕೆಮ್ಮಿದೆ. ಆ ಗಳಿಗೆಯಲ್ಲಿ ನನಗೆ ಸ್ಪಷ್ಟವಾಯಿತು. ನಾನು ತಿರುಗಿ ನಮ್ಮ ಹೊಸ್ತಿಲಿಗೆ ಬಂದು ಸೊಸೆಯನ್ನು ಕರೆದೆ. ‘ಮಂದಾಕಿನೀ, ನಾನು ದಾಕ್ಷಿದು ತಗೋತೀನಿ. ನಂದಕ್ಕೊಂದು ದಾರಿ ಮಾಡ್ಬೇಕು.’

ಮಂದಾಕಿನಿಯ ಬಾಯಿ ಎಂಥದೆಂದರೆ, ಅವಳು ಹಿತ್ತಿಲಲ್ಲಿ ಬೈದರೆ ಮುಂದಿನ ಬೀದಿಯ ಕಾಗೆ ಹಾರುತ್ತಿತ್ತು. ನಾನು ಬೈಯಲಾರದ್ದನ್ನೆಲ್ಲ ಅವಳು ಬಡ್ಡಿ ಸೇರಿಸಿ ಬೈದಿದ್ದಾಳೆ, ಹೆಚ್ಚುಪಾಲು ನನಗೇ. ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನನ್ನು ದಿಟ್ಟಿಸಿದಳು. ‘ನಿಮಗ್ಯಾಕತ್ತೆ ಈ ವಯಸ್ಸಲ್ಲಿ? ಅಳು ನಾನು ತಗೋತೀನಿ, ನನ್ನ ಬಾಯಿ ಖಾಲಿ ಅಲ್ವಾ?’ ಎಂದಳು.

‘ಮುಚ್ಚು. ನಿಂಗೆ ಎಳೇ ಮಕ್ಕಳಿದಾವೆ. ಅಳೋಕೆ ನಿಂಗೆ ಇನ್ನೂ ಆಯುಸ್ಸಿದೆ. ನನ್ನ ಪಾಲಿಂದು ನಾನು ಅತ್ತು ಮುಗಿಸಿದೀನಿ.’ ಬೈದಂತೆ ಕೇಳಿಸಿದರೂ ಅದು ಬೈಗುಳವಾಗಿರಲಿಲ್ಲ; ಬೈಗುಳವಾಗಿದ್ದರೆ ಬಾಯಿಂದ ಹೊರಡುತ್ತಿರಲಿಲ್ಲ.

ಅವಳು ಸೌಟನ್ನು ಕಿಟಕಿಯಲ್ಲಿಟ್ಟಳು. ‘ಹಂಗಾದ್ರೆ ನಿಮ್ದು ಕೊಡಿ’ ಎಂದಳು. ದನಿ ಇಳಿದಿತ್ತು. ‘ಜ್ವರ ಬರೋ ಹಿಂದಿನ ದಿನ ಆ ಮಗು ನನ್ನ ರಂಗೋಲಿ ತುಳೀತು ಅಂತ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ ಅತ್ತೆ. ತಲೆ ತಗ್ಗಿಸ್ಕೊಂಡು ಹೋಯ್ತು. ಈ ಬಾಯಿ ಮುಚ್ಚಿದ್ರೆ ಯಾರಿಗೂ ನಷ್ಟ ಇಲ್ಲ.’

ಮೇಷ್ಟ್ರು ಆಕಾಶ ನೋಡುತ್ತ ಚಡಪಡಿಸುತ್ತಿದ್ದರು. ನಾವಿಬ್ಬರೂ ನಮ್ಮ ಹೊಸ್ತಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತೆವು. ಐ ಸ್ಕೋಲ್ಡ್, ಐ ಸ್ಕೋಲ್ಡೆಡ್ ಎಂದು ಮೇಲೇರಿದೆವು. ದಿನಾ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಐ ಹ್ಯಾಡ್ ಬೀನ್ ಸ್ಕೋಲ್ಡಿಂಗ್ ಎಂಬಲ್ಲಿ ನಾನು ನಿಲ್ಲಿಸಿದೆ. ಕೊನೆಯದನ್ನು ಅವಳೊಬ್ಬಳೇ ಹೇಳಿದಳು. ಹೇಳಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವತ್ತಿನಿಂದ ಇವತ್ತಿನ ತನಕ ನನ್ನ ಸೊಸೆ ಒಂದು ಇರುವೆಗೂ ಬೈದಿಲ್ಲ.

ನಮ್ಮ ಹೊಸ್ತಿಲಿಗೂ ದಾಕ್ಷಾಯಣಿಯ ಹೊಸ್ತಿಲಿಗೂ ಎಷ್ಟು ದೂರ? ಒಂದು ಚಪ್ಪರ ಹಾಕುವಷ್ಟು. ಆ ದೂರದಲ್ಲಿ ನನ್ನ ಬಾಯಲ್ಲಿ ಯಾವ ಕ್ರಿಯಾಪದವೂ ಇರಲಿಲ್ಲ. ನಾನು ಬೈಯಬಹುದಿತ್ತು, ಅಳಲೂಬಹುದಿತ್ತು. ನಡುವೆ ನಿಲ್ಲಬಾರದು, ನೇರ ಹೋಗಬೇಕು ಎಂಬುದು ಕಟ್ಟಳೆ. ಕಟ್ಟಳೆಗಿಷ್ಟು ಬೆಂಕಿ ಹಾಕ ಎಂದು ನಡುಬೀದಿಯಲ್ಲಿ ನಿಂತೆ.

‘ಏನ್ರೋ, ನಾಚಿಕೆ ಆಗಲ್ವೇನ್ರೋ ನಿಮಗೆ!’ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ‘ಉಪ್ಪು ತಿಂದಿದಾಳಂತೆ! ನಿಮ್ಮ ಮನೆ ಕಾಯ್ಹೋಗ, ನಿಮ್ಮ ಉಪ್ಪು ಯಾರಿಗೆ ಬೇಕಾಗಿತ್ರೋ? ನಿಮ್ಮಪ್ಪ ಸತ್ತಾಗ ಲಬೊಲಬೊ ಅಂತ ಬಾಯಿ ಬಡ್ಕೊಂಡ್ಯಲ್ಲ, ಅದು ಅವಳು ಕೊಟ್ಟಿದ್ದು ಕಣೋ! ಹೆತ್ತ ಕೂಸನ್ನ ಮಣ್ಣು ಮಾಡಿ ಬಂದು ಅವತ್ತು ಸಂಜೇನೂ ನಿಮಗೋಸ್ಕರ ನಿಂತಳಲ್ಲ, ಒಬ್ಬರಾದ್ರೂ ಹೋಗಿ ಊಟ ಮಾಡಿದ್ಯಾ ತಾಯಿ ಅಂತ ಕೇಳಿದ್ರಾ? ಕಿವಿ ಮಂದ ಅಂದ್ಯಲ್ಲೇ, ಈಗ ಕೇಳಿಸ್ತಾ ಇದೆಯೇನೇ? ಹಾಲು ಉಕ್ತಾ ಇದೆ ಅಂದೋಳು ಎಲ್ಲಿದಾಳೆ, ಮುಂದಕ್ಕೆ ಬಾರೇ!’ ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಸತ್ತ ಗಂಡನಿಗೂ ಬೈದೆ. ಯಾವ ಮನೆಯೋ ಏನೋ, ಡೈ ಒಪ್ಪಿಸುವ ಆ ಪಾಪಿ ಬಾಯಿಗೂ ಕೇಳಲಿ ಎಂದು ಆಕಾಶಕ್ಕೆ ಮುಖ ಮಾಡಿ ಬೈದೆ. ಬೈಯುತ್ತ ಬೈಯುತ್ತ ಅಳು ಬಂತು. ಅತ್ತು ಮುಗಿಸಿದ್ದೇನೆ ಎಂದಿದ್ದೆನಲ್ಲ, ಎಲ್ಲಿಯ ಮಾತು. ಪಾರಿಗಾಗಿ ಅತ್ತೆ, ದಾಕ್ಷಿಗಾಗಿ ಅತ್ತೆ, ಇನ್ನು ಮೇಲೆ ಸಾಯುವವರಿಗೆಲ್ಲ ಈಗಲೇ ಅಳಬೇಕಲ್ಲ ಎಂದು ನನ್ನ ಮಕ್ಕಳಿಗಾಗಿಯೂ ಅತ್ತೆ.

‘ಹೊಂಬಾಳಮ್ಮ, ಲೈಟಿನವನು ಕಂಬದ ಹತ್ರ ಬಂದ!’ ಎಂದು ಮೇಷ್ಟ್ರು ಕಿರುಚಿದರು.

‘ಬರ್ತಿದೀನಿ, ನಿಮ್ಮ ಅವರೆಕಾಳು ಕೊಳೀಲಿ!’ ಎಂದು ಅವರಿಗೂ ಬೈದು, ಮೂಗು ಸುರಿಸಿಕೊಂಡೇ ದಾಕ್ಷಾಯಣಿಯ ಹೊಸ್ತಿಲು ಹತ್ತಿದೆ. ಜನ ತಾವಾಗಿ ದಾರಿ ಬಿಟ್ಟರು.

ದಾಕ್ಷಾಯಣಿ ‘ಬ್ಯಾಡ ಅಕ್ಕ, ಬ್ಯಾಡ’ ಎಂದಳು. ಅವಳ ರಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡೆ. ‘ಹೇಳು’ ಎಂದೆ. ನಾನೇ ಶುರು ಮಾಡಿದೆ. ಐ ಕ್ರೈ. ಅವಳ ತುಟಿ ನನ್ನ ತುಟಿಯ ಹಿಂದೆ ಅಲುಗಿತು. ಐ ಕ್ರೈಡ್. ಐ ಶಲ್ ಕ್ರೈ ಎಂಬಲ್ಲಿಗೆ ಅವಳ ದನಿ ಬಂತು. ಇಬ್ಬರೂ ಒಂದೊಂದೇ ಮೆಟ್ಟಿಲು ಹತ್ತಿದೆವು. ಒಮ್ಮೆ ನನಗೆ ಬಿಕ್ಕಳಿಕೆ ಬಂದು ತಡೆಯಿತು, ಅವಳು ಕಾದಳು. ಐ ಹ್ಯಾಡ್ ಬೀನ್ ಕ್ರೈಯಿಂಗ್. ಅವಳು ನಿಲ್ಲಿಸಿದಳು. ನಾನು ಒಬ್ಬಳೇ ಹೇಳಿದೆ, ‘ಐ ಶಲ್ ಹ್ಯಾವ್ ಬೀನ್ ಕ್ರೈಯಿಂಗ್.’

ಬೀದಿ ದೀಪ ಹತ್ತಿತು. ನನ್ನ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರಿನ ಹಿಂದೆ ಇನ್ನೊಂದು ಹನಿ ಬರಲಿಲ್ಲ. ಎದೆಯಲ್ಲಿ ಇದ್ದದ್ದು ಇದ್ದ ಹಾಗೇ ಇತ್ತು, ದಾರಿ ಮಾತ್ರ ಮುಚ್ಚಿತ್ತು. ಜನ ಚದುರಿದರು. ಪುಟ್ಟನಂಜಿ ನನ್ನ ಕಾಲು ಮುಟ್ಟಲು ಬಂದಳು, ಬಗ್ಗಲಾರದೆ ನಿಂತಳು. ಮನೆಗೆ ಹೋಗಿ ಮಲಗು ಹೋಗೇ ಎಂದು ಗದರಿದೆ. ಗದರಲು ಬಂತು.

ದಾಕ್ಷಾಯಣಿ ನನ್ನನ್ನು ನೋಡುತ್ತ ನಿಂತಿದ್ದಳು. ‘ಏನೂ ಆಗ್ಲಿಲ್ಲ ಕಣಕ್ಕ’ ಎಂದಳು. ಕಣ್ಣು ಮುಟ್ಟಿ ನೋಡಿಕೊಂಡಳು. ಒಣಗಿಯೇ ಇತ್ತು. ಅಳುವುದನ್ನು ಮರೆತೇ ಹೋಗಿದ್ದಾಳೇನೋ, ಸುಮ್ಮನೆ ನನ್ನ ಕಣ್ಣಿಗೆ ಬೀಗ ಬಿತ್ತೇನೋ ಎಂದು ನನಗೆ ದಿಗಿಲಾಯಿತು. ಬಸವರಾಜು ಗೋಡೆಗೆ ಒರಗಿ ಕೂತ. ಅವಳು ತಿರುಗಿ ಒಳಗೆ ಹೋದಳು. ಸಂಜೆ ಒಪ್ಪಿಸಿ ಮುಗಿದ ಮೇಲೆ ಒಳಗೆ ಹೋಗುತ್ತ ಮಗಳನ್ನು ಕರೆಯುವುದು ಅವಳ ಅಭ್ಯಾಸವಾಗಿತ್ತು. ಮಗು ಹೋದ ಮೇಲೆ ನಿಂತಿತ್ತು. ಅವತ್ತು ಮೈಮರೆವಿನಲ್ಲಿ ಬಾಯಿಂದ ಬಂದುಬಿಟ್ಟಿತು. ‘ಪಾರೀ, ದೀಪ ಹಚ್ಚು ಬಾರೆ’ ಎಂದಳು.

ಮನೆಯೊಳಗೆ ಯಾರೂ ಓ ಎನ್ನಲಿಲ್ಲ. ಅವಳು ನಡುಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಆಮೇಲೆ ಒಂದು ಸದ್ದು ಬಂತು. ಈಗ ತಾನೇ ಹುಟ್ಟಿದ ಕೂಸು ಮೊದಲ ಉಸಿರಿಗೆ ಕೂಗುತ್ತದಲ್ಲ, ಅದೇ. ನಾನು ಓಡಿದೆ. ಅವಳು ನೆಲದ ಮೇಲೆ ಕುಸಿದು ಕೂತಿದ್ದಳು, ಮುಖವೆಲ್ಲ ನೀರು, ಆ ನೀರನ್ನು ಏನು ಮಾಡಬೇಕೆಂದು ತಿಳಿಯದೆ ಎರಡೂ ಅಂಗೈ ಹಿಡಿದು ನೋಡುತ್ತಿದ್ದಳು. ನನ್ನನ್ನು ಕಂಡು, ನನಗಿನ್ನೂ ಗೊತ್ತಿಲ್ಲವೇನೋ ಎಂಬಂತೆ, ಆಗಷ್ಟೇ ಬಂದ ಸುದ್ದಿ ಎಂಬಂತೆ, ಹೇಳಿದಳು.

‘ಅಕ್ಕಾ, ಪಾರಿ ಹೋದ್ಲು.’

‘ಹೂಂ ಕಣೆ, ಹೋದ್ಲು’ ಎಂದೆ.

ಪಕ್ಕದಲ್ಲಿ ಕೂತು ಅವಳನ್ನು ಎದೆಗೆ ಒತ್ತಿಕೊಂಡೆ. ಅಳುವವರ ಜೊತೆ ಕೂತವರು ಅಳಬೇಕು, ಅದಲ್ಲವೇ ನಾವು ಮಾಡುವುದು. ನನ್ನ ಕಣ್ಣು ಕಾಯಿತು, ಉರಿಯಿತು, ಒಂದು ಹನಿ ಬರಲಿಲ್ಲ. ಅವಳು ಅದನ್ನು ಕಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಬಿಕ್ಕುತ್ತಲೇ ಅಳುವನ್ನು ನುಂಗಲು ನೋಡಿದಳು. ನನಗಾಗಿ ನಿಲ್ಲಿಸಲು ಹೊರಟಿದ್ದಳು, ಹುಚ್ಚು ಮುಂಡೇದು. ಅವಳಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಒಂದೇ.

‘ಅಳೇ, ಕತ್ತೆ’ ಎಂದೆ. ‘ಸರಿಯಾಗಿ ಅಳು. ಇಷ್ಟು ವರ್ಷದ್ದು ಬಾಕಿ ಇಟ್ಕೊಂಡು ಇಷ್ಟಕ್ಕೇ ನಿಲ್ಲಿಸ್ತೀಯೇನೇ ಮೂದೇವಿ? ನಿಲ್ಲಿಸು ನೋಡೋಣ, ಕೆನ್ನೆಗೆ ಬಿಡ್ತೀನಿ. ಅಳು ಅಂದ್ನಲ್ಲ, ಅಳು!’

ಅವಳು ನನ್ನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ನಾನು ಅವಳ ಬೆನ್ನು ಸವರುತ್ತ, ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಒಂದೊಂದಾಗಿ ಬೈಯುತ್ತಲೇ ಇದ್ದೆ.